ಮತ್ತೊಮ್ಮೆ ಅಳೆದು ನೋಡುವುದು

ನಂಬಿದವರ ಕೆಲಸವನ್ನು ಮತ್ತೊಮ್ಮೆ ಅಳೆದು ನೋಡಿದರೆ ಅದು ಅವರಿಗೆ ಮಾಡಿದ ಅವಮಾನವೇ? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ನಮ್ಮ ನಡವಳಿಕೆಯಲ್ಲಿ ಅದಕ್ಕೊಂದು ಉತ್ತರ ಇದ್ದೇ ಇರುತ್ತದೆ. ಬಂಧುಗಳು ಕೊಟ್ಟ ಹಣವನ್ನು ಅವರ ಎದುರೇ ಎಣಿಸಲು ಸಂಕೋಚ. ಅಂಗಡಿಯವನು ಪರಿಚಿತನಾದರೆ ತಕ್ಕಡಿಯ ಮುಳ್ಳಿನ ಕಡೆ ನೋಡಲೂ ಸಂಕೋಚ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಹೇಳುವ ನಾವೇ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸುಮ್ಮನಾಗುತ್ತೇವೆ.

ಈ ವಿಚಾರ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ನನ್ನ ತಂಗಿಯ ಮಗನ ಗ್ಯಾರೇಜಿನಲ್ಲಿ. ಅವನು ಬೆಂಗಳೂರಿನಲ್ಲಿ ರ್‍ಯಾಲಿ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುತ್ತಾನೆ. ಬೇಸಿಗೆ ರಜೆಯಲ್ಲಿ ಒಂದು ದಿನ ಅವನ ಮೇಜಿನ ಮೇಲೆ ಕ್ರ್ಯಾಂಕ್‌ಶಾಫ್ಟ್ ಮಲಗಿತ್ತು. ಕುತೂಹಲದಿಂದ ಕೈ ಚಾಚಿದೆ. "ಬಿಸಿಲಲ್ಲಿ ಬಂದಿದ್ದೀರಿ, ಮುಟ್ಟಬೇಡಿ ದೊಡ್ಡಮ್ಮ, ಅಳತೆ ಕೆಡುತ್ತೆ" ಎಂದ. ಕೈಯ ಬಿಸಿಗೆ ಉಕ್ಕು ಹಿಗ್ಗುತ್ತದೆಯೇ ಎಂದು ನಕ್ಕೆ. ಅವನು ನಗಲಿಲ್ಲ. ಐವತ್ತು ಮಿಲಿಮೀಟರಿನ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.006 ಮಿ.ಮೀ. ಹಿಗ್ಗುತ್ತದಂತೆ. ಅವನು ಅಳೆಯುತ್ತಿದ್ದ ಅಂತರವೇ 0.05 ಮಿ.ಮೀ., ಅಂದರೆ ಒಂದು ತಲೆಗೂದಲಿನಷ್ಟು.

ಕ್ರ್ಯಾಂಕ್‌ಶಾಫ್ಟಿನ ಗುಂಡನೆಯ ಜರ್ನಲ್ಲಿಗೂ ಅದನ್ನು ತಬ್ಬಿ ಹಿಡಿದ ಬೇರಿಂಗಿಗೂ ನಡುವೆ ಇರಲೇಬೇಕಾದ ಜಾಗ ಅದು. ವ್ಯಾಸದ ಸಾವಿರದಲ್ಲಿ ಒಂದು ಪಾಲು ಎಂಬುದು ಆ ವೃತ್ತಿಯವರ ಹಳೆಯ ಲೆಕ್ಕ. ಸ್ಪರ್ಧೆಯ ಎಂಜಿನ್ನಿಗೆ ಭಾರ ಹೆಚ್ಚು, ವೇಗ ಹೆಚ್ಚು. ಆದ್ದರಿಂದ ಕೊಂಚ ಜಾಸ್ತಿಯೇ ಬಿಡುತ್ತಾರೆ. ಜಾಗ ಕಡಿಮೆಯಾದರೆ ಎಣ್ಣೆ ಸರಿಯಾಗಿ ಹರಿಯದೆ ಲೋಹಕ್ಕೆ ಲೋಹ ತಾಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಎಣ್ಣೆ ಪಕ್ಕದಿಂದ ಸೋರಿ ಒತ್ತಡ ಬೀಳುತ್ತದೆ, ಬಡಿತ ಶುರುವಾಗುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬಾತ ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಬಿಡಲು ಒಂದು ರಂಧ್ರ ಕೊರೆದ. ಎಣ್ಣೆ ಒಳಗಿಳಿಯುವುದಿರಲಿ, ಉಕ್ಕಿ ಹೊರಬಂತು. ಬಿರಡೆ ಬಡಿದ, ಬಿರಡೆಯನ್ನೇ ಅದು ನೂಕಿಬಿಟ್ಟಿತು. ತಿರುಗುವ ಉಕ್ಕು ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತದೆ, ಆ ಪೊರೆಯೇ ಭಾರ ಹೊರುತ್ತದೆ ಎಂಬುದು ಹೀಗೆ ತಿಳಿಯಿತು. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಕೊಟ್ಟ.

ನನ್ನ ಹುಡುಗ ಮೊದಲು ಮೈಕ್ರೋಮೀಟರಿನಿಂದ ಜರ್ನಲ್ಲನ್ನು ಮೂರು ನಾಲ್ಕು ಕಡೆ ಅಳೆದ. ಆಮೇಲೆ ಬೇರಿಂಗಿನ ಎರಡು ಹೋಳುಗಳನ್ನೂ ಅವುಗಳ ಜಾಗದಲ್ಲಿ ಕೂರಿಸಿ, ಎಂಜಿನ್ ಓಡುವಾಗ ಇರುವಷ್ಟೇ ಬಿಗಿಯಾಗಿ ಬೋಲ್ಟು ಬಿಗಿದು, ಬೋರ್ ಗೇಜಿನಿಂದ ಒಳವ್ಯಾಸ ನೋಡಿದ. ಬೋಲ್ಟು ಬಿಗಿಯದೆ ತೆಗೆದ ಅಳತೆ ಸುಳ್ಳು. ಹೋಳುಗಳು ಕೂಡುವ ಕಡೆ ಬೇರಿಂಗ್ ತೆಳ್ಳಗಿರುವುದರಿಂದ ಅಲ್ಲಿ ತೆಗೆದ ಅಳತೆಯೂ ಸುಳ್ಳು. ಮೂರನೆಯ ಬೇರಿಂಗಿನಲ್ಲಿ 0.05 ಬರಬೇಕಾದಲ್ಲಿ 0.03 ಬಂತು.

ಆ ಹೊತ್ತಿಗೆ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಕೊಟ್ಟ ಹಿರಿಯರು ಅಲ್ಲಿಗೆ ಬಂದಿದ್ದರು. ಅವರ ಮುಖ ಕಪ್ಪಿಟ್ಟಿತು. "ನಾನು ಕೊಟ್ಟ ಮೇಲೂ ಅಳೀತೀಯೇನಪ್ಪ?" ಎಂದರು. ಹುಡುಗ ಮಾತಿಲ್ಲದೆ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ. ಜರ್ನಲ್ 0.008 ದಪ್ಪ, ಬೇರಿಂಗ್ ಕೂರುವ ಮನೆ 0.006 ಚಿಕ್ಕದು, ಎರಡು ಹೋಳುಗಳೂ ತಲಾ 0.003 ದಪ್ಪ. ಒಂದೊಂದೂ ಒಪ್ಪಿತ ಮಿತಿಯೊಳಗೇ ಇತ್ತು, ಯಾರ ಕೆಲಸದಲ್ಲೂ ತಪ್ಪಿರಲಿಲ್ಲ. ಕೂಡಿದರೆ ಮಾತ್ರ 0.02 ನುಂಗಿಹೋಗಿತ್ತು. ಹಿರಿಯರು ಕಾಗದವನ್ನು ಎರಡು ಸಲ ನೋಡಿ, "ಹೌದಪ್ಪ" ಎಂದರು. ಬೇರೆ ಸೆಟ್ಟಿನ ಹೋಳು ತರಿಸಿ ಮತ್ತೆ ಅಳೆಯಲು ಎರಡು ದಿನ ಹಿಡಿಯಿತು. ಕಾರಿನ ಯಜಮಾನರು ಗೊಣಗಿದರು.

ನನಗೆ ಹೊಳೆದದ್ದು ಇಷ್ಟು: ಆ ಅಂತರ ಯಾರೊಬ್ಬರ ಕೆಲಸವೂ ಅಲ್ಲ. ಅದು ಮೂವರ ಕೆಲಸಗಳ ನಡುವೆ ಹುಟ್ಟುವಂಥದು. ಮೂವರೂ ಪ್ರಾಮಾಣಿಕರಾಗಿದ್ದೂ ಎಂಜಿನ್ ಕೆಡಬಹುದು. ಹಾಗಾದರೆ ಅದಕ್ಕೆ ಹೊಣೆ ಯಾರು? ಜೋಡಿಸುವವನೇ. ಅಳೆಯದೆ ಜೋಡಿಸಿ, ಆಮೇಲೆ "ಅವರನ್ನು ನಂಬಿದ್ದೆ" ಎನ್ನುವುದು ನಂಬಿಕೆಯಲ್ಲ, ಹೊಣೆಯನ್ನು ಅವರ ಹೆಗಲಿಗೆ ದಾಟಿಸುವುದು.

ಶಾಲೆಯಲ್ಲಿ ನಾನು ಹತ್ತನೆಯ ತರಗತಿಗೆ ಪಾಠ ಮಾಡುವವಳು. ಜೂನ್ ತಿಂಗಳಲ್ಲಿ ಪ್ರತಿಯೊಂದು ಮಗುವಿನಿಂದಲೂ ಒಂದು ಪುಟ ಓದಿಸುತ್ತೇನೆ. ಪ್ರತಿ ವರ್ಷ ಒಂದಿಬ್ಬರು ತಡವರಿಸುತ್ತಾರೆ. ಅಂಕಪಟ್ಟಿಯಲ್ಲಿ ಅವರು ಎಲ್ಲ ತರಗತಿಗಳಲ್ಲೂ ಪಾಸು. ಒಬ್ಬ ಉಪಾಧ್ಯಾಯರು ಕರುಣೆಯಿಂದ ಒಂದು ಅಂಕ ಬಿಟ್ಟಿರುತ್ತಾರೆ, ಇನ್ನೊಬ್ಬರ ತರಗತಿಯಲ್ಲಿ ಎಪ್ಪತ್ತು ಮಕ್ಕಳಿರುತ್ತಾರೆ, ಮತ್ತೊಬ್ಬರಿಗೆ ವರ್ಷದ ನಡುವೆ ವರ್ಗವಾಗಿರುತ್ತದೆ. ಯಾರನ್ನು ದೂರುವುದು? ಆದರೂ ಕೂಡಿದ ಮೊತ್ತ ಆ ಮಗುವಿನ ಪಾಲಿಗೆ ಬರುತ್ತದೆ. "ನಮ್ಮ ಮೇಲೆ ನಂಬಿಕೆಯಿಲ್ಲವೇ ಮೇಡಂ?" ಎಂದು ಕೆಳಗಿನ ತರಗತಿಯ ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. ನಂಬಿಕೆಯಿದೆ. ಆದರೂ ಓದಿಸುತ್ತೇನೆ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಮಗು ಉಕ್ಕಲ್ಲ. ನಲವತ್ತು ಮಂದಿಯ ಎದುರು ನಿಲ್ಲಿಸಿ ಓದಿಸಿದರೆ ಬರುವ ಮಗುವೂ ತಡವರಿಸುತ್ತದೆ; ಅಲ್ಲಿ ಅಳತೆಯಾಗುವುದು ಓದಲ್ಲ, ನಾಚಿಕೆ. ಆದ್ದರಿಂದ ನಾನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತೇನೆ. ಬಿಸಿ ಕೈಯಿಂದ ಮುಟ್ಟಿದರೆ ಉಕ್ಕಿನ ಅಳತೆಯೇ ಕೆಡುವುದಾದರೆ ಮಗುವಿನದು ಕೆಡದೇ?

ಎಂಜಿನ್ ಮುಚ್ಚಿದ ಮೇಲೆ ಆ ಬೇರಿಂಗನ್ನು ಯಾರೂ ನೋಡುವುದಿಲ್ಲ. ಅಳೆದವನಿಗೆ ಹೊಗಳಿಕೆಯಿಲ್ಲ, ಅಳೆಯದವನಿಗೆ ಆ ದಿನ ಶಿಕ್ಷೆಯೂ ಇಲ್ಲ. ಹೀಗೆ ಕಾಣದ ಜಾಗದಲ್ಲಿ ಮಾಡಿದ್ದೇ ನಮ್ಮ ನಿಜವಾದ ಕೆಲಸ ಎಂದು ನನಗೆ ತೋರುತ್ತದೆ. ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇಷ್ಟೇ: ತಪ್ಪು ಹುಡುಕಲೆಂದು ಅಳೆದರೆ ಅದು ಅವಮಾನ, ಮುಂದಿನ ಹೊಣೆ ನನ್ನದೆಂದು ಅಳೆದರೆ, ಹಿಂದೆ ದುಡಿದ ಕೈಗಳಿಗೆ ಅದೇ ಮರ್ಯಾದೆ.