ಬಾಗಿಲಲ್ಲೇ ಮೊದಲ ಪಾಠ

ಮಗು ಶಾಲೆಯನ್ನು ಆರಿಸಿಕೊಳ್ಳಬೇಕೋ, ಶಾಲೆ ಮಗುವನ್ನು ಆರಿಸಿಕೊಳ್ಳಬೇಕೋ? ಇದು ಜೂನ್ ತಿಂಗಳ ಅಡ್ಮಿಷನ್ ಗಲಾಟೆಯಲ್ಲಿ ಹುಟ್ಟಿ ಅಲ್ಲೇ ಸಾಯುವ ಪ್ರಶ್ನೆ ಎಂದು ಕೆಲವರು ತಿಳಿದಿದ್ದಾರೆ. ಅಲ್ಲ. ಈ ನಾಡಿನಲ್ಲಿ ಯಾರು ಯಾರ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು ಎಂಬ ಹಳೆಯ ಪ್ರಶ್ನೆಯೇ ಇದು. ದೇವಸ್ಥಾನದ ಬಾಗಿಲು, ಹೋಟೆಲಿನ ಬಾಗಿಲು, ಬಾವಿಯ ಕಟ್ಟೆ ಇವುಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ, ಬಡಿದಾಡಿದ್ದೇವೆ. ಒಂದನೇ ಕ್ಲಾಸಿನ ಬಾಗಿಲ ಬಗ್ಗೆ ಮಾತಾಡಿದ್ದು ಕಡಿಮೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆ, ಶಾಲೆಯ ಲೆಕ್ಕಕ್ಕೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ನಂಬುವ ಹಾಗಿಲ್ಲದ ನೆಲ. ರಾಗಿ, ಕಡ್ಲೆಕಾಯಿ, ಹುಣಸೆ. ಇಂಥ ನೆಲದಲ್ಲೂ ಈಗ ಬೇಸಿಗೆ ಬಂತೆಂದರೆ ಕಾನ್ವೆಂಟುಗಳ ಬೋರ್ಡು ಏಳುತ್ತವೆ. ಹಳದಿ ವ್ಯಾನು ಊರ ಮುಂದೆ ಬಂದು ನಿಲ್ಲುತ್ತದೆ, ಊರಿನ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಕೇರಿಯ ಮಕ್ಕಳು ಸ್ಲೇಟು ಹಿಡಿದು ಅದೇ ದಾರಿಯಲ್ಲಿ ಸರ್ಕಾರಿ ಶಾಲೆಗೆ ನಡೆಯುತ್ತವೆ. ವ್ಯಾನಿನ ಧೂಳು ಯಾರ ಮೇಲೆ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಖಾಸಗಿ ಶಾಲೆಯ ಪ್ರವೇಶ ಹೇಗೆ ನಡೆಯುತ್ತದೆ ನೋಡಿ. ಒಂದು ಅರ್ಜಿ. ಅದರಲ್ಲಿ ಮಗುವಿನ ಹೆಸರಿನ ಕೆಳಗೇ ತಂದೆಯ ವಿದ್ಯಾಭ್ಯಾಸ, ತಾಯಿಯ ವಿದ್ಯಾಭ್ಯಾಸ, ಉದ್ಯೋಗ, ವರಮಾನ. ಆಮೇಲೆ ಇಂಟರ್‌ವ್ಯೂ. ಮೂರೂವರೆ ವರ್ಷದ ಕೂಸಿಗೆ ಬಣ್ಣದ ಹೆಸರು ಇಂಗ್ಲಿಷಿನಲ್ಲಿ ಹೇಳು ಅನ್ನುತ್ತಾರೆ. ಅದು ಹೆದರಿ ಅವ್ವನ ಸೆರಗು ಹಿಡಿದುಕೊಂಡರೆ ಅವ್ವನ ಕಡೆ ತಿರುಗಿ, ‘ಮನೇಲಿ ಹೇಳಿಕೊಡೋರು ಯಾರಿದ್ದಾರೆ?’ ಅಂತ ಕೇಳುತ್ತಾರೆ. ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಹೇಳಿಕೊಡುವುದು ಶಾಲೆಯ ಕೆಲಸ. ಮನೆಯಲ್ಲಿ ಹೇಳಿಕೊಡುವವರು ಇದ್ದರೆ ಮಾತ್ರ ನಾವು ಹೇಳಿಕೊಡುತ್ತೇವೆ ಎಂಬ ಶಾಲೆ, ಕಾಯಿಲೆಯಿಲ್ಲದವರನ್ನು ಮಾತ್ರ ಸೇರಿಸಿಕೊಳ್ಳುವ ಆಸ್ಪತ್ರೆಯ ಹಾಗೆ. ಅಲ್ಲಿ ಪರೀಕ್ಷೆಗೆ ಕೂತಿರುವುದು ಮಗುವಲ್ಲ. ಅದರ ಅಪ್ಪ, ಅವ್ವ, ಅಜ್ಜ, ಮುತ್ತಜ್ಜ. ಅಕ್ಷರ ಮುಟ್ಟಬಾರದು ಅಂತ ಯಾರನ್ನು ಸಾವಿರಾರು ವರ್ಷ ದೂರ ಇಟ್ಟರೋ, ‘ನಿಮ್ಮ ಮನೇಲಿ ಅಕ್ಷರ ಯಾಕಿಲ್ಲ?’ ಅಂತ ಅವರನ್ನೇ ಕೇಳುವುದು.

ವರ್ಷದ ಕೊನೆಗೆ ಇದೇ ಶಾಲೆ ನೂರಕ್ಕೆ ನೂರು ರಿಸಲ್ಟು ಅಂತ ಬ್ಯಾನರು ಕಟ್ಟುತ್ತದೆ. ಕಲ್ಲು ನುಚ್ಚು ತೆಗೆದು ಕೇರಿದ ಅಕ್ಕಿಯನ್ನೇ ತಂದು, ಮತ್ತೆ ಒಂದು ಸಲ ಕೇರಿ, ‘ನೋಡಿ ನಮ್ಮ ಮೊರ ಎಷ್ಟು ಚೆನ್ನಾಗಿದೆ’ ಅಂದರೆ ನಮ್ಮ ಹೆಂಗಸರು ನಗುತ್ತಾರೆ. ಶಾಲೆಯ ವಿಷಯದಲ್ಲಿ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಇದು ಇವತ್ತಿನ ಹುನ್ನಾರವಲ್ಲ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಮುಂಬಯಿ ಸರ್ಕಾರ ಕೊಟ್ಟ ಕಾರಣ, ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಬಿಟ್ಟು ಹೋಗುತ್ತಾರೆ, ಶಾಲೆಯೇ ಹಾಳಾಗುತ್ತದೆ ಎಂಬುದು. ವಿಷಯ ಲಂಡನ್ನಿಗೆ ಹೋಯಿತು. ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು 1858ರಲ್ಲಿ ಕಂಪನಿಯ ನಿರ್ದೇಶಕರು ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಊರಿನಲ್ಲಿ ತೆರೆಯಲು ಹಲವು ತಲೆಮಾರು ಹಿಡಿಯಿತು. ‘ಬೇರೆಯವರು ಬಿಟ್ಟು ಹೋಗುತ್ತಾರೆ’ ಎಂಬ ಅವತ್ತಿನ ಮಾತು ಇವತ್ತು ‘ಸ್ಟ್ಯಾಂಡರ್ಡ್ ಇಳಿಯುತ್ತದೆ’ ಎಂಬ ಮಾತಾಗಿ ಕೋಟು ಹಾಕಿಕೊಂಡಿದೆ, ಅಷ್ಟೆ.

ಒಳಗೆ ಬಿಟ್ಟ ಮೇಲಾದರೂ ಎಲ್ಲ ಸರಿಹೋಯಿತೆ? ಸಾತಾರದ ಶಾಲೆಯಲ್ಲಿ ಬಾಬಾಸಾಹೇಬರಿಗೆ ಪ್ರವೇಶ ಸಿಕ್ಕಿತ್ತು. ಕೂರಲು ಮನೆಯಿಂದ ಗೋಣಿತಟ್ಟು ತರಬೇಕಿತ್ತು, ಅದನ್ನು ಸಂಜೆ ವಾಪಸು ಒಯ್ಯಬೇಕಿತ್ತು. ಜವಾನ ಬಂದು ಮೇಲಿಂದ ಸುರಿದರೆ ನೀರು, ಜವಾನ ಇಲ್ಲದ ದಿನ ಬಾಯಾರಿಕೆ. ಅಲ್ಲಿ ಗಣಿತ, ಭಾಷೆ ಎಲ್ಲ ಪಠ್ಯವೇ. ಆದರೆ ಆ ಗೋಣಿತಟ್ಟೂ ಪಠ್ಯವೇ. ಉಳಿದ ಹುಡುಗರು ಅದನ್ನು ನೋಡಿ ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟು. ಪ್ರವೇಶ ಬೇರೆ, ಪಠ್ಯಕ್ರಮ ಬೇರೆ ಅಲ್ಲ. ಬಾಗಿಲಲ್ಲಿ ನಡೆಯುವುದೇ ಮೊದಲ ಪಾಠ. ಆರಿಸಿಕೊಂಡ ಮಕ್ಕಳು ‘ನಾವು ಆರಿಸಲ್ಪಟ್ಟವರು’ ಅಂತ ಕಲಿಯುತ್ತವೆ. ಬಿಟ್ಟುಹೋದ ಮಕ್ಕಳು ‘ನಾವು ದಡ್ಡರು’ ಅಂತ ಕಲಿಯುತ್ತವೆ. ಎರಡೂ ಸುಳ್ಳು. ಎರಡನ್ನೂ ಮರೆಯಲು ಮುಂದೆ ಹದಿನೈದು ವರ್ಷ ಓದಿದರೂ ಆಗುವುದಿಲ್ಲ.

ಕಾನೂನು ಇಲ್ಲವೆ ಅಂತ ಗೆಳೆಯರು ಕೇಳಬಹುದು. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 13ನೇ ಕಲಮು ಡೊನೇಶನ್ನನ್ನೂ ಇಂಟರ್‌ವ್ಯೂವನ್ನೂ ನಿಷೇಧಿಸುತ್ತದೆ. ಮಗುವನ್ನಾಗಲಿ ಅಪ್ಪ ಅವ್ವನನ್ನಾಗಲಿ ಪರೀಕ್ಷೆ ಮಾಡಿ ಸೋಸಿದರೆ ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ನಮ್ಮ ತಾಲ್ಲೂಕುಗಳ ಎಷ್ಟು ಅಪ್ಪ ಅವ್ವಂದಿರಿಗೆ ಈ ಕಲಮು ಗೊತ್ತು? ಎಷ್ಟು ಮೇಷ್ಟರಿಗೆ ಗೊತ್ತು?

ಇದೇ ಕಾಯ್ದೆಯ 12ನೇ ಕಲಮು ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಅಂದಿತು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳನ್ನು ಮಾತ್ರ ಹೊರಗಿಟ್ಟಿತು. ಅದೇ ವರ್ಷ ಜುಲೈಯಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಈ ಸೀಟಿನಲ್ಲಿ ಬಂದ ಮಕ್ಕಳ ಕೂದಲನ್ನು ಗುರುತಿಗಾಗಿ ಕತ್ತರಿಸಿದರು ಎಂಬ ಆರೋಪ ಪತ್ರಿಕೆಗಳಲ್ಲಿ ಬಂತು. ಸಾತಾರದ ಗೋಣಿತಟ್ಟಿಗೂ ಆ ಕತ್ತರಿಗೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚು ದೂರ. ಬುದ್ಧಿ ಮಾತ್ರ ಒಂದೇ.

ಆಮೇಲೆ 2019ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಿತು. ಹೈಕೋರ್ಟೂ ಅದನ್ನು ಒಪ್ಪಿತು. ರಾಜ್ಯದಲ್ಲಿ ಲಕ್ಷದ ಮೇಲಿದ್ದ ಸೀಟು ಒಂದೇ ವರ್ಷದಲ್ಲಿ ಕೆಲವು ಸಾವಿರಕ್ಕೆ ಇಳಿಯಿತು. ಸರ್ಕಾರದ ವಾದದಲ್ಲಿ ಸತ್ಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಜನರ ದುಡ್ಡು ಖಾಸಗಿಯವರ ಪೆಟ್ಟಿಗೆಗೆ ಹೋಗುತ್ತಿತ್ತು, ಸರ್ಕಾರಿ ಶಾಲೆ ಖಾಲಿಯಾಗುತ್ತಿತ್ತು ಎಂಬುದು ನಿಜ. ಆದರೆ ‘ನಿಮಗೆ ನಿಮ್ಮ ಶಾಲೆ ಇದೆಯಲ್ಲ, ಅಲ್ಲಿಗೆ ಹೋಗಿ’ ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ನಿಮಗೆ ನಿಮ್ಮ ಬಾವಿ ಇದೆಯಲ್ಲ, ನಿಮಗೆ ನಿಮ್ಮ ಸುಡುಗಾಡು ಇದೆಯಲ್ಲ ಎಂಬುದರ ತಮ್ಮನೇ ಇದು.

‘ನಮ್ಮ ದುಡ್ಡು, ನಮ್ಮ ಸ್ಕೂಲು, ನಮ್ಮಿಷ್ಟ’ ಎಂಬ ಆಡಳಿತ ಮಂಡಳಿಯ ಮಾತಿಗೂ ಉತ್ತರ ಕೊಡಬೇಕು. ಹೋಟೆಲೂ ಒಬ್ಬನ ದುಡ್ಡಿನದೇ. ಆದರೂ ಸಂವಿಧಾನದ 15ನೇ ವಿಧಿ ಅದರ ಬಾಗಿಲನ್ನು ತೆರೆಸಿತು. ಒಂದು ಲೋಟ ಕಾಫಿಗೆ ಇರುವ ಹಕ್ಕು ಒಂದು ಅಕ್ಷರಕ್ಕೆ ಬೇಡವೆ? ಖಾಸಗಿಯವರೆಲ್ಲ ಕೆಟ್ಟವರು ಎಂಬುದು ನಮ್ಮ ವಾದವಲ್ಲ. ನಮ್ಮ ಜಿಲ್ಲೆಯಲ್ಲೇ ಸಿದ್ಧಗಂಗೆಯ ಮಠ ಯಾವ ಜಾತಿ ಅಂತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟಿದೆ. 1959ರಲ್ಲಿ ಎಚ್.ಎಂ. ಗಂಗಾಧರಯ್ಯನವರು ತುಮಕೂರಿನಲ್ಲಿ ಸಿದ್ಧಾರ್ಥ ವಿದ್ಯಾಸಂಸ್ಥೆ ಕಟ್ಟಿದರು, ದಲಿತರೇ ಶಾಲೆ ಕಟ್ಟಬಲ್ಲರು ಎಂದು ತೋರಿಸಿದರು. ಹಾಗೆಯೇ, ಸರ್ಕಾರದ ಮೊರಾರ್ಜಿ ಶಾಲೆ, ಆದರ್ಶ ವಿದ್ಯಾಲಯಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇಟ್ಟು ತಾವೂ ಮೊರ ಹಿಡಿದಿವೆ. ಪ್ರಶ್ನೆ ಖಾಸಗಿಯೋ ಸರ್ಕಾರಿಯೋ ಎಂಬುದಲ್ಲ. ಮಗುವಿನ ಮುಂದೆ ಮೊರ ಹಿಡಿಯಬೇಕೋ ಬೇಡವೋ ಎಂಬುದು.

ಇನ್ನು ಒಳಗೆ ಏನು ಕಲಿಸುತ್ತಾರೆ? ನಮ್ಮ ಬುದ್ಧಿಜೀವಿಗಳಲ್ಲಿ ಕೆಲವರಿಗೆ ಇಂಗ್ಲಿಷ್ ಕಂಡರೆ ಸಿಟ್ಟು. ಕನ್ನಡ ಉಳಿಸುವ ಹೊರೆಯನ್ನು ಕೂಲಿ ಹೆಂಗಸಿನ ತಲೆ ಮೇಲೆ ಹೊರಿಸಿ, ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಯಲ್ಲಿ ಓದಿಸಿದವರೂ ಅವರಲ್ಲಿ ಇದ್ದಾರೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು 1994ರಲ್ಲಿ ಸರ್ಕಾರ ಆದೇಶ ಮಾಡಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮ ಆರಿಸುವುದು ಅಪ್ಪ ಅವ್ವನ ಹಕ್ಕು ಎಂದಿತು. ಒಳ್ಳೆಯದು. ಆದರೆ ದುಡ್ಡಿಲ್ಲದವನಿಗೆ ಆರಿಸುವ ಹಕ್ಕು ಎಂದರೆ ಏನು? ಸಂತೆಯಲ್ಲಿ ಬರಿಗೈಲಿ ನಿಂತವನಿಗೆ ‘ಬೇಕಾದ್ದು ತಗೋ’ ಅಂದ ಹಾಗೆ. 2019ರ ಜೂನಿನಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗುವ ಮುಂಚೆ ದೊಡ್ಡ ದೊಡ್ಡ ಸಾಹಿತಿಗಳು ವಿರೋಧಿಸಿದರು. ಊರೂರಿನ ಖಾಸಗಿ ಶಾಲೆಗಳಲ್ಲಿ ಅದೇ ಇಂಗ್ಲಿಷ್ ದುಡ್ಡಿಗೆ ಮಾರಾಟವಾಗುತ್ತಿದ್ದಾಗ ಇಷ್ಟು ಜೋರು ದನಿ ಕೇಳಿರಲಿಲ್ಲ.

‘ನಮ್ಮುಡುಗ್ರು ನಮ್ಮಂಗೆ ಆಗಬಾರ್ದು ಕಣಪ್ಪ’ ಅನ್ನುತ್ತಾಳೆ ಕೇರಿಯ ತಾಯಿ. ಕುರಿ ಮಾರಿ, ಸಂಘದಲ್ಲಿ ಸಾಲ ಎತ್ತಿ, ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಗಿ ಫೀಸು ಕಟ್ಟುತ್ತಾಳೆ. ಅವಳನ್ನು ಭಾಷಾದ್ರೋಹಿ ಎನ್ನಲು ನಮಗೆ ನಾಲಿಗೆ ಬರುವುದಿಲ್ಲ. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದೇ ತೆಲುಗು. ಅಲ್ಲಿನ ಮಗುವಿಗೆ ಕನ್ನಡವೂ ಶಾಲೆಯಲ್ಲಿ ಕಲಿಯಬೇಕಾದ ಭಾಷೆ. ಅದಕ್ಕೆ ಮಾತೃಭಾಷೆಯ ಭಾಷಣ ಬಿಗಿದರೆ ಏನು ಬಂತು? ಮನೆ ಮಾತಿನ ಕೈ ಹಿಡಿದು, ಕನ್ನಡದಲ್ಲಿ ನಡೆಸಿ, ಇಂಗ್ಲಿಷಿಗೆ ದಾಟಿಸುವ ಮೇಷ್ಟರು ಅದಕ್ಕೆ ಬೇಕು.

ಹಾಗಂತ ಕಾನ್ವೆಂಟಿನ ಪಠ್ಯವೇ ಮೇಲು ಅಂತ ತಲೆದೂಗುವುದೂ ಬೇಡ. ಅಲ್ಲಿ ಎಷ್ಟೋ ಕಡೆ ನಡೆಯುವುದು ಬಾಯಿಪಾಠ ಮತ್ತು ಹೋಂವರ್ಕು. ಡೈರಿಯಲ್ಲಿ ಬರೆದು ಕಳಿಸಿದ್ದನ್ನು ಅವ್ವ ಓದಿ ಹೇಳಿಕೊಡಬೇಕು. ಹೆಬ್ಬೆಟ್ಟಿನ ಅವ್ವ ಟ್ಯೂಷನ್ನಿಗೆ ಮತ್ತೆ ದುಡ್ಡು ಹೊಂದಿಸಬೇಕು. ಇನ್ನೊಂದು ಕಡೆ ನಲಿ-ಕಲಿ ನೋಡಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಸರ್ಕಾರಿ ಮೇಷ್ಟರುಗಳು ರಿಷಿವ್ಯಾಲಿಯ ಪದ್ಧತಿ ನೋಡಿ ಬಂದು ಕಟ್ಟಿದ್ದು. ಕಾರ್ಡುಗಳು, ಕಲಿಕೆಯ ಏಣಿ, ಗುಂಪಾಗಿ ನೆಲದ ಮೇಲೆ ಕೂತ ಮಕ್ಕಳು. ರ‍್ಯಾಂಕಿಲ್ಲ. ಕೂಲಿಗೆ ಹೋದ ಅಪ್ಪನ ಜೊತೆ ತಿಂಗಳು ಊರು ಬಿಟ್ಟ ಮಗು ವಾಪಸು ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಬಡ ಮಗುವನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಪಠ್ಯಕ್ರಮ ಅಂದರೆ ಇದು. ಒಬ್ಬರೇ ಮೇಷ್ಟರ ತಲೆಗೆ ಮೂರು ತರಗತಿ ಕಟ್ಟಿ, ಕಚೇರಿ ಲೆಕ್ಕ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಎಲ್ಲ ಹೊರಿಸಿ ಆ ಏಣಿಯನ್ನು ಗೋಡೆಗೆ ಒರಗಿಸಿಟ್ಟವರು ಯಾರು? ಏಣಿ ಕೆಟ್ಟದ್ದಲ್ಲ. ಹಿಡಿಯುವವರಿಲ್ಲ.

ಇಲ್ಲಿ ದುಡ್ಡು ಹೊಸ ಜಾತಿಯಾಗುವುದನ್ನು ನಮ್ಮ ಕಣ್ಣೆದುರೇ ನೋಡಬಹುದು. ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೋಲಾರ್ ಫಲಕಗಳು ಹರಡಿಕೊಂಡವು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಭೂಮಿ ಇದ್ದವರಿಗೆ ಬರಗಾಲದಲ್ಲೂ ಒಂದು ವರಮಾನ, ಮಕ್ಕಳ ಫೀಸಿಗೆ ಒಂದು ದಾರಿ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡ್ಲೆಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಮಕ್ಕಳ ಶಾಲೆ ಬೇರೆಯಾಗಲು ಜಾತಿಯ ಹೆಸರು ಎತ್ತಲೇಬೇಕಾಗಿಲ್ಲ. ಪಹಣಿ ಯಾರ ಹೆಸರಲ್ಲಿದೆ ಅಂತ ನೋಡಿದರೆ ಸಾಕು.

ಒಂದು ಊರಿನ ಎಲ್ಲ ಮಕ್ಕಳಿಗೂ ಒಂದೇ ನೆರೆಹೊರೆ ಶಾಲೆ ಇರಲಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. ಅದು ಪುಸ್ತಕದಲ್ಲೇ ಉಳಿಯಿತು. ಸರ್ಕಾರಿ ಸಂಬಳ ತೆಗೆದುಕೊಳ್ಳುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕು ಎಂದು ಅಲಹಾಬಾದ್ ಹೈಕೋರ್ಟು 2015ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಅದೂ ಜಾರಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದರೆ, ಜಾರಿ ಮಾಡಬೇಕಾದವರ ಮಕ್ಕಳೇ ವ್ಯಾನಿನಲ್ಲಿ ಕೂತಿದ್ದವು.

ಗೆಳೆಯರೆ, ನಾವು ಮಾಡಬಹುದಾದ ಕೆಲಸ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕೇರಿಗೆ ಹೋಗೋಣ, ಹಟ್ಟಿಗಳಿಗೆ ಹೋಗೋಣ. 13ನೇ ಕಲಮನ್ನು ಓದಿ ಹೇಳೋಣ. ಇಂಟರ್‌ವ್ಯೂ ನಡೆಸಿದ ಶಾಲೆಯ ಮೇಲೆ ಬಿಇಒ ಕಚೇರಿಗೆ, ಮಧುಗಿರಿಯ ಡಿಡಿಪಿಐ ಕಚೇರಿಗೆ ಅರ್ಜಿ ಬರೆದುಕೊಡೋಣ. ಸ್ವೀಕೃತಿ ಇಸಿದುಕೊಳ್ಳದೆ ಎದ್ದು ಬರುವುದು ಬೇಡ. ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಬೇಕು, ಇಂಗ್ಲಿಷ್ ಬರುವ ಮೇಷ್ಟರು ಬೇಕು, ತರಗತಿಗೊಬ್ಬರು ಬೇಕು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೂತು ಕೇಳೋಣ. ಇವು ದಾನವಲ್ಲ, ಹಕ್ಕು.

ಇನ್ನೊಂದು ಮಾತು ನಮ್ಮವರಿಗೇ. ಮೀಸಲಾತಿಯಲ್ಲಿ, ಹಾಸ್ಟೆಲಿನ ಮುದ್ದೆಯಲ್ಲಿ ಓದಿ ಮನೆಗೆ ಮೊದಲ ಡಿಗ್ರಿ ತಂದ ತಲೆಮಾರು ನಾವು. ನಮ್ಮಲ್ಲಿ ಕೆಲವರಿಗೆ ಕೆಲಸ ಸಿಕ್ಕಿದೆ, ಕೆಲವರಿಗೆ ಸಿಗುತ್ತದೆ. ಸಂಬಳ ಬಂದ ಮೊದಲ ಜೂನಿಗೆ ನಾವೂ ಆ ಬಾಗಿಲ ಮುಂದೆ ಅರ್ಜಿ ಹಿಡಿದು ನಿಲ್ಲುತ್ತೇವೆ. ತಂದೆಯ ವಿದ್ಯಾಭ್ಯಾಸ ಎಂಬ ಕಾಲಮ್ಮಿನಲ್ಲಿ ಬಿ.ಎ. ಎಂದು ಬರೆಯುವಾಗ ಎದೆ ಉಬ್ಬುತ್ತದೆ. ಪಕ್ಕದ ಮನೆಯ ಹೆಬ್ಬೆಟ್ಟಿನವನ ಮಗುವನ್ನು ಹೊರಗೆ ಹಾಕುವುದೂ ಅದೇ ಕಾಲಮ್ಮು.

ಹಳ್ಳಿಯ ಮೇಷ್ಟರೆ, ಅಕ್ಕೋರೆ, ನಿಮ್ಮನ್ನು ಗೌರವದಿಂದಲೇ ಕೇಳುತ್ತೇವೆ. ನೀವು ಪಾಠ ಮಾಡುವ ಶಾಲೆ ನಿಮ್ಮ ಮಗುವಿಗೆ ಸಾಲದು ಅನ್ನಿಸಿದರೆ, ನಮ್ಮ ಮಗುವಿಗೆ ಸಾಕು ಅನ್ನಿಸಿದ್ದು ಯಾಕೆ?