ಬದಿಗೆ ಸರಿಯಲಾರದ ಗಾಡಿ

ಅಮೆರಿಕದಲ್ಲಿ 1973ರಿಂದ ಒಂದು ಕಾನೂನಿದೆ. ಹಳಿಯ ಮೇಲೆ ಸರ್ಕಾರಿ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ಪ್ರಯಾಣಿಕರ ಗಾಡಿಯೂ ಗೂಡ್ಸ್ ಗಾಡಿಯೂ ಎದುರಾದರೆ ಮೊದಲು ಹೋಗಬೇಕಾದದ್ದು ಪ್ರಯಾಣಿಕರ ಗಾಡಿ. ಆದರೂ ಎಷ್ಟೋ ಕಡೆ ಕಾಯುತ್ತ ಕೂರುವವರು ಜನರು. ಕಂಟೇನರು, ಕಲ್ಲಿದ್ದಲು ಮುಂದೆ ಸಾಗುತ್ತವೆ.

ಆಮ್‌ಟ್ರ್ಯಾಕ್ ಹುಟ್ಟಿದ್ದೇ ಒಂದು ಕೊಡು-ಕೊಳ್ಳುವ ಒಪ್ಪಂದದಿಂದ. ಅದಕ್ಕೂ ಮುಂಚೆ ಅಲ್ಲಿ ಹಳಿಯೂ ಖಾಸಗಿ ಕಂಪನಿಗಳದು, ರೈಲೂ ಅವುಗಳದೇ. ಕಾರು, ವಿಮಾನಗಳು ಬಂದ ಮೇಲೆ ಜನ ಕಡಿಮೆಯಾದರು. 1967ರಲ್ಲಿ ಅಂಚೆ ಇಲಾಖೆ ರೈಲುಗಳಿಂದ ಬಹುಪಾಲು ಟಪಾಲು ಹಿಂತೆಗೆದುಕೊಂಡಾಗ ಇದ್ದಬದ್ದ ಆದಾಯಕ್ಕೂ ಕಲ್ಲು ಬಿತ್ತು. ಜನರನ್ನು ಸಾಗಿಸುವ ಹೊಣೆಯಿಂದ ಕಂಪನಿಗಳಿಗೆ ಬಿಡುಗಡೆ ಬೇಕಿತ್ತು. 1970ರ ಕಾನೂನು ಅದನ್ನು ಕೊಟ್ಟಿತು. 1971ರ ಮೇ 1ರಂದು ಆಮ್‌ಟ್ರ್ಯಾಕ್‌ನ ಮೊದಲ ಗಾಡಿಗಳು ಓಡಿದವು. ನಷ್ಟದ ಹೊರೆ ಸರ್ಕಾರದ ತಲೆಗೆ ಬಂತು. ಪ್ರತಿಯಾಗಿ ಕಂಪನಿಗಳು ತಮ್ಮ ಹಳಿಯ ಮೇಲೆ ಆಮ್‌ಟ್ರ್ಯಾಕ್‌ಗೆ ದಾರಿ ಕೊಡಬೇಕಾಯಿತು. ವಾಷಿಂಗ್ಟನ್-ಬಾಸ್ಟನ್ ನಡುವಿನ ಹಳಿ ಬಹುಮಟ್ಟಿಗೆ ಆಮ್‌ಟ್ರ್ಯಾಕ್‌ನದೇ. ಸುಮಾರು 34,000 ಕಿಲೋಮೀಟರ್ ಜಾಲದ ಉಳಿದ ಭಾಗದಲ್ಲಿ ಹೆಚ್ಚಿನದು ಪರರ ಹಳಿ, ಸಿಗ್ನಲ್ ಕೊಡುವವರೂ ಪರರೇ.

ಸಿಂಗಲ್ ಲೈನಿನ ಕಷ್ಟವನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. ಸಕಲೇಶಪುರದ ಘಾಟಿ ಇಳಿದವರಿಗೆಲ್ಲ ‘ಕ್ರಾಸಿಂಗ್ ಇದೆ’ ಎಂಬ ಮಾತು ಗೊತ್ತು. ಎದುರಿನಿಂದ ಬರುವ ಗಾಡಿ ದಾಟಿಹೋಗಲು ಒಂದು ಗಾಡಿ ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲಬೇಕು. ಅಮೆರಿಕದ ಬಯಲು, ಬೆಟ್ಟಗಳಲ್ಲೂ ಅಷ್ಟೇ. ಆದರೆ ಅಲ್ಲಿನ ಗೂಡ್ಸ್ ಗಾಡಿಗಳು ಬೆಳೆಯುತ್ತ ಹೋದವು. ಒಂದೇ ಗಾಡಿ, ಕಡಿಮೆ ಸಿಬ್ಬಂದಿ, ಎರಡು ಗಾಡಿಯ ಸರಕು: ಲೆಕ್ಕ ಸುಲಭ. ಎರಡು ದೊಡ್ಡ ಕಂಪನಿಗಳ ಗಾಡಿಗಳ ಸರಾಸರಿ ಉದ್ದ 2008ರಿಂದೀಚೆಗೆ ಕಾಲುಭಾಗದಷ್ಟು ಹೆಚ್ಚಿದೆ, ಕೆಲವು ಗಾಡಿಗಳು ಸುಮಾರು ಮೂರು ಮೈಲಿ ಇವೆ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ವರದಿ ಮಾಡಿತು. ಗಾಡಿ ಬೆಳೆಯಿತು. ಎಷ್ಟೋ ಕಡೆ ಲೂಪ್ ಇದ್ದಷ್ಟೇ ಉಳಿಯಿತು.

ಈಗ ಕಂಟ್ರೋಲ್ ಕೋಣೆಯಲ್ಲಿ ಕುಳಿತವನ ಸ್ಥಿತಿ ನೋಡಿ. ಒಂದು ಕಡೆಯಿಂದ ನಾಲ್ಕು ಕಿಲೋಮೀಟರ್ ಉದ್ದದ ಗೂಡ್ಸ್ ಬರುತ್ತಿದೆ, ಇನ್ನೊಂದು ಕಡೆಯಿಂದ ಹತ್ತು ಬೋಗಿಯ ಪ್ರಯಾಣಿಕರ ಗಾಡಿ. ನಡುವೆ ಎರಡೂವರೆ ಕಿಲೋಮೀಟರಿನ ಲೂಪ್. ಕಾನೂನು ಅವನಿಗೆ ಬಾಯಿಪಾಠ ಬರಬಹುದು, ಆದರೆ ಲೂಪಿನೊಳಗೆ ಹಿಡಿಸುವುದು ಪ್ರಯಾಣಿಕರ ಗಾಡಿ ಒಂದೇ. ಆ ಕ್ಷಣಕ್ಕೆ ಅವನು ಅದನ್ನು ಬದಿಗೆ ಸರಿಸುವುದೇ ಸರಿ, ಬೇರೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ತಪ್ಪು ನಡೆದದ್ದು ಅಲ್ಲಲ್ಲ. ಎಲ್ಲೋ ನೂರಾರು ಮೈಲಿ ಹಿಂದೆ, ಯಾರ್ಡಿನಲ್ಲಿ ವ್ಯಾಗನ್ ಮೇಲೆ ವ್ಯಾಗನ್ ಜೋಡಿಸುತ್ತಿದ್ದಾಗಲೇ ಅದು ನಡೆದುಹೋಗಿತ್ತು. ಈ ವಿಷಯದಲ್ಲಿ ನನ್ನನ್ನು ಕಾಡುವುದು ಇದೇ. ಅನ್ಯಾಯ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಅದು ಬರೀ ಅನಿವಾರ್ಯತೆಯ ವೇಷ ತೊಟ್ಟಿರುತ್ತದೆ.

ಕಾನೂನು ಕಾಗದದಲ್ಲಿ ಭದ್ರವಾಗಿದೆ. ಅದನ್ನು ಜಾರಿಗೆ ತರಲು ಮೊಕದ್ದಮೆ ಹೂಡುವ ಅಧಿಕಾರ ಮಾತ್ರ ನ್ಯಾಯ ಇಲಾಖೆಯ ಕೈಯಲ್ಲಿ. 1979ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯ ಮೇಲೆ ಒಮ್ಮೆ ಹೂಡಿತು. ಮತ್ತೊಮ್ಮೆ ಎಚ್ಚೆತ್ತದ್ದು 2024ರಲ್ಲಿ, ನಾರ್ಫೋಕ್ ಸದರ್ನ್ ಮೇಲೆ. ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುವ ‘ಕ್ರೆಸೆಂಟ್’ ಗಾಡಿ ತಡವಾಗುತ್ತಿದ್ದದ್ದು ಆಗಿನ ದೂರು. ಅಲಬಾಮಾ, ಮಿಸಿಸಿಪ್ಪಿಗಳ ಸಣ್ಣ ಊರುಗಳಿಗೆ ದಿನಕ್ಕೊಂದೇ ಬರುವ ಗಾಡಿ ಅದು.

ಉದ್ದದ ಗಾಡಿಗೆ ದಾರಿ ಬಿಡಬೇಕಾದವರು ಹಳಿಯ ಮೇಲೆ ಮಾತ್ರ ಇಲ್ಲ. ಇಂಡಿಯಾನಾದ ಹ್ಯಾಮಂಡ್ ಊರಿನಲ್ಲಿ ಗೂಡ್ಸ್ ಗಾಡಿಗಳು ರಸ್ತೆಗೆ ಅಡ್ಡಲಾಗಿ ಗಂಟೆಗಟ್ಟಲೆ ನಿಂತು, ಶಾಲೆಯ ಮಕ್ಕಳು ಬ್ಯಾಗು ಹೊತ್ತು ವ್ಯಾಗನ್‌ಗಳ ಕೆಳಗೆ ನುಸುಳಿ ದಾಟುವ ದೃಶ್ಯಗಳು 2023ರಲ್ಲಿ ಸುದ್ದಿಯಾದವು. ಗಾಡಿಗೆ ಬಗ್ಗಲು ಬರುವುದಿಲ್ಲ, ಮಕ್ಕಳಿಗೆ ಬರುತ್ತದೆ.

ಮನೆಗಳಲ್ಲಿ ನಡೆಯುವುದೂ ಇದೇ. ಅಪ್ಪನನ್ನು ವಾರವಾರ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ದೊಡ್ಡ ಮಗನ ವ್ಯವಹಾರ ನಾಲ್ಕೂರಿಗೆ ಹಬ್ಬಿದೆ, ಅರ್ಧ ದಿನ ಬಿಟ್ಟು ಬಂದರೆ ಹತ್ತು ಕೆಲಸ ನಿಲ್ಲುತ್ತವೆ. ಕಿರಿಯ ಮಗಳು ಶಾಲೆಯಲ್ಲಿ ಟೀಚರು, ಹೇಗೋ ರಜೆ ಹಾಕಬಹುದು. ‘ನೀನಾದ್ರೆ ಹೊಂದಿಸ್ಕೋತೀಯಮ್ಮ’ ಎನ್ನುತ್ತಾಳೆ ತಾಯಿ. ಆ ದಿನದ ಮಟ್ಟಿಗೆ ತಾಯಿಯ ಲೆಕ್ಕ ತಪ್ಪಲ್ಲ. ಅಣ್ಣ ಕೆಟ್ಟವನೂ ಅಲ್ಲ, ಆಸ್ಪತ್ರೆಯ ಬಿಲ್ಲು ಪೂರ್ತಿ ಅವನೇ ಕಟ್ಟುತ್ತಿರಬಹುದು. ಆದರೆ ಪ್ರತಿ ವಾರವೂ ಅದೇ ಲೆಕ್ಕ, ಅದೇ ಉತ್ತರ. ಹೊಂದಿಕೊಳ್ಳಬಲ್ಲೆ ಎಂಬ ಒಂದೇ ಕಾರಣಕ್ಕೆ ಅವಳ ವರ್ಷಗಳು ಬದಿಗೆ ಸರಿದು ನಿಲ್ಲುತ್ತವೆ. ‘ನನಗೆ ಬಿಡುವಾಗಲ್ಲ’ ಎಂದು ಅಣ್ಣ ಹೇಳುವುದು ನಿಜವೇ. ಬಿಡುವೇ ಆಗದಂತೆ ಬದುಕನ್ನು ಕಟ್ಟಿಕೊಳ್ಳುತ್ತಿದ್ದಾಗ ಅವನನ್ನು ಯಾರೂ ಏನೂ ಕೇಳಲಿಲ್ಲ. ಬೆಳವಣಿಗೆ ಎಂದು ಮನೆಯವರೆಲ್ಲ ಹೆಮ್ಮೆಪಟ್ಟರು.

ನಾವು ಹೆಮ್ಮೆಪಡುವುದೂ ಅದಕ್ಕೇ ಅಲ್ಲವೇ? ನಮ್ಮ ರೈಲ್ವೆಯಲ್ಲಿ ಒಂದು ಕಲ್ಲಿದ್ದಲು ರೇಕ್ ಎಂದರೆ ಸಾಮಾನ್ಯವಾಗಿ 58-59 ವ್ಯಾಗನ್. ಅದು ಸುಮಾರು 700 ಮೀಟರಿನ ಲೂಪ್ ಲೈನಿಗೆ ಹೊಂದುವ ಉದ್ದ. 2022ರ ಆಗಸ್ಟ್ 15ರಂದು ಅಂಥ ಐದು ರೇಕ್ ಒಂದಕ್ಕೊಂದು ಸೇರಿಸಿ, 295 ವ್ಯಾಗನ್‌ಗಳ ಮೂರೂವರೆ ಕಿಲೋಮೀಟರ್ ಉದ್ದದ ‘ಸೂಪರ್ ವಾಸುಕಿ’ಯನ್ನು ಛತ್ತೀಸಗಢದಲ್ಲಿ ಓಡಿಸಿದರು. ವಿಡಿಯೊ ನೋಡಿ ನಾನೂ ಬೆರಗಾದೆ, ಸುಳ್ಳೇಕೆ ಹೇಳಲಿ. ಹಬ್ಬದ ದಿನದ ಮೆರವಣಿಗೆಯ ಮಟ್ಟಿಗೆ ಸರಿ. ದಿನನಿತ್ಯ ಅಂಥದ್ದನ್ನು ಓಡಿಸಬೇಕಾದರೆ ಮೊದಲು ಲೂಪ್ ಉದ್ದವಾಗಬೇಕು, ಇಲ್ಲವೇ ಸರಕಿಗೆಂದೇ ಬೇರೆ ಹಳಿ ಬೇಕು. ಹೊಸ ಸರಕು ಕಾರಿಡಾರ್‌ಗಳಲ್ಲಿ 1,500 ಮೀಟರಿನ ಲೂಪ್ ಹಾಕಿದ್ದಾರೆ, ಒಳ್ಳೆಯದು. ಹಳೆಯ ಲೈನುಗಳಲ್ಲಿ ಗಾಡಿ ಮೊದಲು ಬೆಳೆಯುತ್ತದೋ ಲೂಪ್ ಮೊದಲು ಬೆಳೆಯುತ್ತದೋ, ನಾನು ನೋಡುತ್ತಿರುವುದು ಅದನ್ನು.