ಮರಳುಗಾಡಿನ ರೆಸಾರ್ಟು, ಶ್ರಾವಕನ ಗಡಿರೇಖೆ

ಮರಳುದಿಬ್ಬಗಳ ನಡುವೆ ಕಟ್ಟಿದ ಐಷಾರಾಮಿ ರೆಸಾರ್ಟಿನಲ್ಲಿ ಒಂದೆರಡು ರಾತ್ರಿ ತಂಗಿ ಬರುವ ರೂಢಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಟ್ಟಿಗೆ ಈಗ ದೂರದ ಮಾತಾಗಿ ಉಳಿದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಗೆ ಮರುಭೂಮಿಯ ಪರಿಚಯವಾದದ್ದು ಕೊಲ್ಲಿ ದೇಶಗಳ ದುಡಿಮೆಯಿಂದ. ಇಲ್ಲಿಂದ ಹೋಗಿ ದುಬೈ, ಮಸ್ಕತ್, ದೋಹಾಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಕೆಲವು ಅಂಥ ರೆಸಾರ್ಟುಗಳಿಗೆ ಅತಿಥಿಗಳಾಗಿ ಹೋದರೆ, ಇದೇ ಊರುಗಳ ಇನ್ನು ಕೆಲವರು ಅಲ್ಲಿನ ಹೋಟೆಲುಗಳ ಅಡುಗೆಮನೆಗಳಲ್ಲೂ ಲಾಂಡ್ರಿಗಳಲ್ಲೂ ಕೆಲಸಕ್ಕಿರುತ್ತಾರೆ. ಧರ್ಮಜಿಜ್ಞಾಸೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಈ ವಾಸವನ್ನು ಯಾವ ಮಾತುಗಳಲ್ಲಿ ವರ್ಣಿಸಲಾಗುತ್ತದೆ ಎಂಬುದನ್ನು. ಮೌನ, ಏಕಾಂತ, ಸಂಸಾರದ ಜಂಜಾಟದಿಂದ ಬಿಡುಗಡೆ ಮುಂತಾದ ಮಾತುಗಳು ಸಂತ ಅಂತೋಣಿಯಂಥ ಈಜಿಪ್ಟಿನ ಕ್ರೈಸ್ತ ತಪಸ್ವಿಗಳು ಮೂರು-ನಾಲ್ಕನೆಯ ಶತಮಾನಗಳಲ್ಲಿ ಮರಳುಗಾಡಿಗೆ ಹೋದುದರ ಕಾರಣವನ್ನು ಹೇಳಲು ತಕ್ಕ ಮಾತುಗಳು. ಮೃದುವಾದ ಹಾಸಿಗೆಗೂ ಖಾಸಗಿ ಈಜುಕೊಳಕ್ಕೂ ಅವು ಹೇಗೆ ಅಂಟಿಕೊಂಡವು, ಅಂಟಿಕೊಂಡದ್ದು ಸರಿಯೇ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ತೂಗಿ ನೋಡಲು ಬೇಕಾದ ಅಳತೆಗೋಲು ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿ ಮತ್ತು ನಂದಾವರದ ಬಂಗರು ಮುಂತಾದ ಜೈನ ಅರಸುಮನೆತನಗಳು ಆಳಿದ ಈ ನೆಲದಲ್ಲೇ ದೊರೆಯುತ್ತದೆ. ಜೈನಧರ್ಮದಲ್ಲಿ ಶ್ರಾವಕ, ಎಂದರೆ ಮನೆಯಲ್ಲಿದ್ದುಕೊಂಡೇ ಧರ್ಮವನ್ನು ಪಾಲಿಸುವ ಗೃಹಸ್ಥ, ಕೈಗೊಳ್ಳಬೇಕಾದ 12 ವ್ರತಗಳಿವೆ. ಅವುಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವಂಥದು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದೇ ಈ ವ್ರತ. ಬದುಕಿರುವವರೆಗಿನ ಮಿತಿಯನ್ನು ಯಮವೆಂದೂ, ಒಂದು ಹಗಲು, ಒಂದು ಇರುಳು, ಒಂದು ಪಕ್ಷ ಅಥವಾ ಒಂದು ಋತುವಿಗೆ ಮಾತ್ರ ಸಲ್ಲುವ ಮಿತಿಯನ್ನು ನಿಯಮವೆಂದೂ ಆ ಗ್ರಂಥವು ಕರೆಯುತ್ತದೆ. ಮಿತಿಗೆ ಒಳಪಡಬೇಕಾದ ವಸ್ತುಗಳೆಂದು ಅದು ಪಟ್ಟಿಮಾಡುವುದು ಊಟ, ವಾಹನ, ಹಾಸಿಗೆ, ಸ್ನಾನ, ಅಂಗಲೇಪನ, ಹೂವು, ತಾಂಬೂಲ, ಉಡುಪು, ಒಡವೆ, ಕಾಮ, ಸಂಗೀತ ಇತ್ಯಾದಿಗಳನ್ನು. ತಾಂಬೂಲವೊಂದನ್ನು ಕೈಬಿಟ್ಟರೆ ಇಂದಿನ ಯಾವುದೇ ರೆಸಾರ್ಟಿನ ಸೌಲಭ್ಯಗಳ ಪಟ್ಟಿ ಹೆಚ್ಚುಕಡಿಮೆ ಇದೇ ಎಂಬುದು ಬರಿಯ ಆಕಸ್ಮಿಕವಲ್ಲ. ಸುಖದ ಸಾಮಗ್ರಿ ಅಂದೂ ಇಂದೂ ಅಷ್ಟಾಗಿ ಬದಲಾಗಿಲ್ಲ.

ಇದಕ್ಕಿಂತಲೂ ನೇರವಾಗಿ ಪ್ರಸ್ತುತವಾಗುವುದು ದೇಶಾವಕಾಶಿಕ ವ್ರತ. ದಿಕ್ಕುಗಳಲ್ಲಿ ಇಷ್ಟು ದೂರಕ್ಕಿಂತ ಮುಂದೆ ಹೋಗುವುದಿಲ್ಲವೆಂದು ಜೀವಮಾನಕ್ಕೆ ಹಾಕಿಕೊಂಡ ಎಲ್ಲೆಯನ್ನು ಸ್ವಲ್ಪ ಕಾಲದ ಮಟ್ಟಿಗೆ ಇನ್ನೂ ಕಿರಿದಾಗಿಸಿ, ಒಂದು ಮನೆ, ಒಂದು ಊರು, ಒಂದು ಹೊಲ, ಒಂದು ಹೊಳೆ ಅಥವಾ ಒಂದು ಕಾಡನ್ನು ಗಡಿಯಾಗಿ ಗೊತ್ತುಮಾಡಿಕೊಂಡು ಅದರೊಳಗೇ ಇರುವುದು ಇದರ ಸ್ವರೂಪ. ಹೊರನೋಟಕ್ಕೆ ಇದು ರೆಸಾರ್ಟಿನ ವಾಸವೇ ಹೌದು: ಬೇಲಿಯುಳ್ಳ ಜಾಗ, ಎಣಿಸಿದ ದಿನಗಳು, ನಿತ್ಯದ ವ್ಯವಹಾರದಿಂದ ವಿರಾಮ. ಗಡಿಯಾಚೆಗೆ ಯಾವ ವ್ಯಾಪಾರವೂ ನಡೆಯದ ಕಾರಣ, ಆ ಹೊರಗಿನ ಪ್ರಪಂಚದ ಮಟ್ಟಿಗೆ ಸ್ಥೂಲ ಮತ್ತು ಸೂಕ್ಷ್ಮ ಪಾಪಗಳೆರಡೂ ನಿಂತುಹೋಗಿ, ಗೃಹಸ್ಥನ ಅಣುವ್ರತವು ಮುನಿಯ ಮಹಾವ್ರತಕ್ಕೆ ಸಮನಾಗುತ್ತದೆ ಎಂಬುದು ಸಮಂತಭದ್ರರ ಅಭಿಪ್ರಾಯ. ಆದರೆ ಅದೇ ಆಚಾರ್ಯರು ಈ ವ್ರತದ ಐದು ಅತಿಚಾರಗಳನ್ನು, ಅಂದರೆ ವ್ರತವನ್ನು ಪೂರ್ತಿ ಮುರಿಯದಿದ್ದರೂ ಕೆಡಿಸುವ ದೋಷಗಳನ್ನು, ಹೇಳಿದ್ದಾರೆ: ಗಡಿಯಾಚೆಗೆ ಆಳನ್ನು ಕಳುಹಿಸುವುದು, ಆಚೆಯವರಿಗೆ ಕೇಳುವಂತೆ ದನಿಮಾಡುವುದು, ಆಚೆಯಿಂದ ವಸ್ತುವನ್ನು ತರಿಸಿಕೊಳ್ಳುವುದು, ತನ್ನ ರೂಪವನ್ನು ತೋರಿಸಿ ಸನ್ನೆಮಾಡುವುದು, ಕಲ್ಲುಹರಳನ್ನು ಎಸೆದು ಗಮನಸೆಳೆಯುವುದು. ಕಾಲು ಗಡಿಯೊಳಗಿದ್ದು ಬಯಕೆ ಗಡಿ ದಾಟುವ ಬಗೆಗಳನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಗುರುತಿಸಿದ ಇನ್ನೊಂದು ಪಟ್ಟಿ ಅಪರೂಪ. ಮೊಬೈಲ್ ಫೋನ್ ಇವುಗಳಲ್ಲಿ ನಾಲ್ಕನ್ನಾದರೂ ಒಂದೇ ಅಂಗೈಯಲ್ಲಿ ಪೂರೈಸುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಅತಿಚಾರಕ್ಕೆ ‘ಆನಯನ’ ಎಂದು ಹೆಸರು, ಮತ್ತು ಮರಳುಗಾಡಿನ ರೆಸಾರ್ಟು ನಿಂತಿರುವುದೇ ಆನಯನದ ಮೇಲೆ. ಕೊಲ್ಲಿಯ ನಗರಗಳಲ್ಲಿ ಕುಡಿಯುವ ನೀರಿನ ಬಹುಪಾಲು ಸಮುದ್ರದ ಉಪ್ಪುನೀರನ್ನು ಇಂಧನ ಸುರಿದು ಸಿಹಿಗೊಳಿಸಿದ ನೀರು. ಅದು ಮರಳನ್ನು ದಾಟಿ ಬಂದು ಈಜುಕೊಳವನ್ನು ತುಂಬಬೇಕು, ತರಕಾರಿ ಹಣ್ಣುಗಳು ಬೇರೆ ದೇಶಗಳಿಂದ ಬಂದು ತಣ್ಣನೆಯ ಕೋಣೆಗಳನ್ನು ಸೇರಬೇಕು. ಅತಿಥಿಗೆ ಕಾಣುವುದು ಬರಿದಾದ ದಿಗಂತ ಮಾತ್ರ. ಈ ಬರಿದುತನವನ್ನು ಕಾಯ್ದುಕೊಳ್ಳಲು ಹಿಂಬಾಗಿಲಿನಿಂದ ಸಾಗುವ ಸರಕು ಅವನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದೇ ಒಳ್ಳೆಯ ನಿರ್ವಹಣೆ ಎನಿಸಿಕೊಳ್ಳುತ್ತದೆ. ಆದುದರಿಂದ ಇಂಥ ವಾಸದಲ್ಲಿ ಕಿರಿದಾಗುವುದು ಜಾಗವೇ ಹೊರತು ಭೋಗವಲ್ಲ. ವ್ರತದ ಅಚ್ಚಿನಲ್ಲಿ ವ್ರತಕ್ಕೆ ವಿರುದ್ಧವಾದ ವಸ್ತುವನ್ನು ಎರಕ ಹೊಯ್ದಂತಾಗಿದೆ.

ಹಾಗೆಂದು ಹಿಂದಿನವರು ದೂರದ ವಸ್ತುಗಳಿಂದ ದೂರವಿದ್ದರೆಂದು ಭಾವಿಸಲಾಗದು. 1430ರ ಸುಮಾರಿಗೆ ರೂಪುಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ತಳಭಾಗದ ಕೆತ್ತನೆಗಳ ಸಾಲಿನಲ್ಲಿ ಆಫ್ರಿಕಾದ ಜಿರಾಫೆಯೂ ಚೀನೀ ಬಗೆಯ ಡ್ರ್ಯಾಗನ್ನೂ ಇವೆ. ತೀರ್ಥಂಕರನ ಸನ್ನಿಧಿಗೆ ಹೋಗುವವನ ಮೊಣಕಾಲಿನ ಆಸುಪಾಸಿನ ಎತ್ತರದಲ್ಲಿ ಕಡಲಾಚೆಯ ವಾರ್ತೆ ಕಲ್ಲಿನಲ್ಲಿ ನಿಂತಿದೆ. ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವ ಧರ್ಮವೂ ದಿಕ್ಕುದಿಕ್ಕಿನಿಂದ ಬರುತ್ತಿದ್ದ ಸರಕಿನ ಸಂಪತ್ತೂ ಒಂದೇ ಪೇಟೆಯಲ್ಲಿ ಜೊತೆಗಿದ್ದವು. ಮಿತಿ ಎಷ್ಟಿರಬೇಕೆಂದು ಶಾಸ್ತ್ರವು ಎಲ್ಲರಿಗೂ ಒಂದೇ ಅಳತೆಯನ್ನು ವಿಧಿಸುವುದಿಲ್ಲ; ಅದನ್ನು ವ್ರತಿಯೇ ಗೊತ್ತುಮಾಡಿ, ಗೊತ್ತುಮಾಡಿದ್ದಕ್ಕೆ ಬದ್ಧನಾಗಬೇಕು.

ರೆಸಾರ್ಟಿನ ಪರವಾಗಿ ಹೇಳಬಹುದಾದ ಅತಿ ಬಲವಾದ ವಾದವೂ ಮೂಡುಬಿದಿರೆಯದೇ. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ರತ್ನಾಕರವರ್ಣಿ ಸಾಂಗತ್ಯ ಛಂದಸ್ಸಿನಲ್ಲಿ ರಚಿಸಿದ ‘ಭರತೇಶ ವೈಭವ’ವು ಭೋಗವಿಜಯವೆಂಬ ಭಾಗದಿಂದಲೇ ಮೊದಲಾಗುತ್ತದೆ; ಅದರ ನಾಯಕನಾದ ಭರತ ಚಕ್ರವರ್ತಿ ಅರಮನೆಯ ಸಕಲ ಸುಖಗಳ ನಡುವೆ ಇದ್ದೂ ಅಂಟದ ಯೋಗಿ, ದೀಕ್ಷೆ ಪಡೆದ ಬಳಿಕ ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷಗಳೊಳಗಿನ ಅವಧಿಯಲ್ಲಿ, ಕೇವಲಜ್ಞಾನವೆಂಬ ಪೂರ್ಣಜ್ಞಾನವನ್ನು ಪಡೆದನೆಂಬುದು ಪರಂಪರೆಯ ನಂಬಿಕೆ. ಸುಖದ ನಡುವೆ ನಿರ್ಲಿಪ್ತತೆ ಸಾಧ್ಯವಾದರೆ ಈಜುಕೊಳದ ತಪ್ಪೇನು? ತಪ್ಪೇನೂ ಇಲ್ಲ ಎಂದು ಒಪ್ಪಬಹುದು. ಆದರೆ ಭರತನಿಗೆ ಧ್ಯಾನಕ್ಕಾಗಿ ಅರಮನೆ ಬಿಟ್ಟು ಬೇರೊಂದು ಅರಮನೆಗೆ ಹೋಗುವ ಅಗತ್ಯವಿರಲಿಲ್ಲ. ಅವನ ಆತ್ಮಚಿಂತನೆ ದಿನಚರಿಯೊಳಗೇ ನಡೆಯುವಂಥದು. ಶಾಂತಿಗಾಗಿ ಜಾಗ ಬದಲಿಸಬೇಕೆನ್ನುವವನು ಭರತನ ಹೆಸರನ್ನು ಎತ್ತಿಕೊಳ್ಳುವುದು ಸಲ್ಲದು.

ಆತಿಥ್ಯ ನೀಡುವವನ ಕಡೆಯಿಂದ ನೋಡಿದಾಗ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಐತಿಹ್ಯ ನೆನಪಾಗುವುದು ಸಹಜ. ಹಿಂದೆ ಕುಡುಮವೆಂದು ಕರೆಯಲ್ಪಡುತ್ತಿದ್ದ ಆ ಊರಿನ ನೆಲ್ಯಾಡಿ ಬೀಡಿಗೆ ಧರ್ಮದೈವಗಳು ಮನುಷ್ಯರೂಪದಲ್ಲಿ ಬಂದು, ಜೈನ ದಂಪತಿಗಳಾದ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿಯರ ಉಪಚಾರವನ್ನು ಸ್ವೀಕರಿಸಿ, ಅದೇ ರಾತ್ರಿ ಕನಸಿನಲ್ಲಿ ಕಾಣಿಸಿಕೊಂಡು, ಆ ಮನೆಯನ್ನೇ ತಮಗೆ ಬಿಟ್ಟುಕೊಡಬೇಕೆಂದು ಕೇಳಿದವು, ಪೆರ್ಗಡೆಯವರು ಬಿಟ್ಟುಕೊಟ್ಟರು. ಅಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳು ನಡೆದು ಬಂದಿರುವುದರ ಹಿಂದೆ ಈ ಕಲ್ಪನೆಯಿದೆ: ಬಂದವನ ಯೋಗ್ಯತೆಯನ್ನಾಗಲೀ ಅವನ ಹಣವನ್ನಾಗಲೀ ಕೇಳದೆ ಕೊಡುವುದು. ಬೆಲೆ ತೆತ್ತು ಪಡೆಯುವ ಆತಿಥ್ಯವನ್ನು ಇದರೊಂದಿಗೆ ಹೋಲಿಸಿ ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಅದು ವ್ಯಾಪಾರ, ದಾನವೆಂದು ಅದು ಹೇಳಿಕೊಂಡೂ ಇಲ್ಲ.

ಹೆಚ್ಚು ತೊಡಕಿನ ಪ್ರಶ್ನೆ ಇರುವುದು ಅದೇ ಬೇಲಿಯೊಳಗೆ ವಾಸಿಸುವ ನೌಕರನ ವಿಷಯದಲ್ಲಿ. ಹಂಚಿಕೊಂಡ ಕೋಣೆ, ಕೆಲವೇ ಬಟ್ಟೆಗಳು, ಹೆಂಡತಿ ಮಕ್ಕಳಿಂದ ದೂರವಾದ ಒಂದೆರಡು ವರ್ಷ: ಎಣಿಸಿ ನೋಡಿದರೆ ವ್ರತದ ಪಟ್ಟಿಯ ಮಿತಿಗಳೆಲ್ಲ ಅವನಿಗಿವೆ, ಆದರೆ ಅವನು ಆರಿಸಿಕೊಂಡವು ಅಲ್ಲ. ಜೈನ ಸೂತ್ರಗ್ರಂಥವಾದ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇಂಥ ಸ್ಥಿತಿಗೆ ಅಕಾಮನಿರ್ಜರೆ ಎಂಬ ಹೆಸರನ್ನು ಕೊಡುತ್ತದೆ. ನಿರ್ಜರೆ ಎಂದರೆ ಕರ್ಮವು ಕಳಚಿಹೋಗುವುದು, ಅಕಾಮವೆಂದರೆ ಬಯಸದೆ ಬಂದದ್ದು. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ವಿವರಿಸುವಾಗ ಸೆರೆಯಲ್ಲಿದ್ದು ಹಸಿವು ಬಾಯಾರಿಕೆಗಳನ್ನು ಸಹಿಸುವ, ನೆಲದ ಮೇಲೆ ಮಲಗುವ ಮನುಷ್ಯನನ್ನು ಉದಾಹರಿಸುತ್ತಾರೆ. ಅವನಿಗೆ ದೇವಗತಿಯಷ್ಟು, ಎಂದರೆ ದೇವನಾಗಿ ಹುಟ್ಟುವಷ್ಟು, ಫಲವಿದೆ, ಮೋಕ್ಷಮಾರ್ಗದ ಫಲವಿಲ್ಲ. ಅವನ ಸಹನೆಯಿಂದ ಸುಖಪಟ್ಟವನ ಲೆಕ್ಕಕ್ಕೆ ಮಾತ್ರ ಶಾಸ್ತ್ರವು ಏನನ್ನೂ ಜಮೆ ಮಾಡುವುದಿಲ್ಲ.